ಕಾರು ಬಿಟ್ಟು ಮಕ್ಕಳನ್ನ ಸ್ಕೂಲಿಗೆ ಕಳ್ಸೋಕೆ ಆಗುತ್ತಾ? ಆಗುತ್ತೆ, ಮೊದ್ಲು ಜೊತೆ ಹುಡುಕಿ

ಪ್ರಶ್ನೆ: ನಮ್ದು ಶಿವಮೊಗ್ಗ, ವಿನೋಬನಗರ. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು, ಇಬ್ರದ್ದೂ ಒಂದೇ ಸ್ಕೂಲು, ಮನೆಯಿಂದ 1.8 ಕಿಲೋಮೀಟರ್. ಬೆಳಿಗ್ಗೆ ಯಜಮಾನ್ರು, ಸಂಜೆ ನಾನು, ಎರಡು ಹೊತ್ತೂ ಕಾರೇ. ಗೇಟ್ ಹತ್ರ ದಿನಾ ಜಾಮು, ಹಾರ್ನು, ಜಗಳ, ಸಾಕಾಗಿದೆ. ಮಗಳು ಸೈಕಲ್ ಕೊಡ್ಸು ಅಂತ ಹಠ ಹಿಡಿದಿದ್ದಾಳೆ. ನಮ್ಮತ್ತೆ ‘ಮನೇಲಿ ಕಾರು ಇಟ್ಕೊಂಡು ಮಕ್ಕಳನ್ನ ನಡೆಸ್ಕೊಂಡು ಹೋದ್ರೆ ನೋಡಿದೋರು ಎಂತ ಹೇಳ್ತಾರೆ’ ಅಂತಾರೆ. ಮಳೆಗಾಲ ಬೇರೆ. ಇದೆಲ್ಲ ನಮ್ಮೂರಲ್ಲಿ ಆಗೋ ಮಾತಾ? ಬೇರೆ ಪೇರೆಂಟ್ಸ್‌ನ, ಸ್ಕೂಲ್‌ನೋರನ್ನ ಒಪ್ಸೋದು ಹೇಗೆ? ತೀರ್ಥಹಳ್ಳಿ ಕಡೆ ಹಳ್ಳೀಲಿರೋ ನನ್ನ ತಮ್ಮನ ಮಗಳಿಗೂ ಹೈಸ್ಕೂಲು ನಾಲ್ಕು ಕಿ.ಮೀ. ದೂರ, ಅವಳ ಬಗ್ಗೆನೂ ಒಂದು ಮಾತು ಹೇಳಿ.

ಉತ್ತರ: ಆಗೋ ಮಾತೇ ಮೇಡಂ. ಆದ್ರೆ ನೀವು ಅಂದ್ಕೊಂಡಿರೋ ಜಾಗದಿಂದ ಶುರು ಮಾಡಿದ್ರೆ ಆಗಲ್ಲ, ಅಂದ್ರೆ ‘ಪರಿಸರ ಉಳಿಸಿ’ ಅಂತ ಬ್ಯಾನರ್ ಮಾಡ್ಸಿ, ಪೇರೆಂಟ್ಸ್ ಮೀಟಿಂಗಲ್ಲಿ ಭಾಷಣ ಹೊಡೆದ್ರೆ ಎಲ್ರೂ ಚಪ್ಪಾಳೆ ತಟ್ಟಿ ಕಾರು ಹತ್ತಿ ಮನೆಗೆ ಹೋಗ್ತಾರೆ. ನಾನು ರಸ್ತೆ, ಟ್ರಾಫಿಕ್ಕು ಅಂತಾನೇ ಕೆಲಸ ಮಾಡ್ಕೊಂಡು ಬಂದವನು, ಇಂಥ ಮೀಟಿಂಗು ಸುಮಾರು ನೋಡಿದೀನಿ, ಒಂದೆರಡರಲ್ಲಿ ಭಾಷಣ ಹೊಡೆದವನೂ ನಾನೇ.

ಸ್ವಲ್ಪ ನನ್ನ ಕಥೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಂದೂ ತೀರ್ಥಹಳ್ಳಿ ಕಡೆಯ ಹಳ್ಳಿನೇ. ಸ್ಕೂಲಿಗೆ ಮೂರು ಕಿಲೋಮೀಟರ್ ನಡೀಬೇಕಿತ್ತು, ಮಧ್ಯ ಒಂದು ಹಳ್ಳ, ಅದಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ), ಮಳೆಗಾಲದಲ್ಲಿ ಕಂಬಳಿ ಕೊಪ್ಪೆ, ಕಾಲಿಗೆ ಇಂಬಳ (ಜಿಗಣೆ). ನಮ್ಮ ವಯಸ್ಸಿನೋರು ಇದನ್ನ ದೊಡ್ಡ ಸಾಹಸ ಅನ್ನೋ ಹಾಗೆ ಮಕ್ಕಳ ಮುಂದೆ ಕೊಚ್ಕೋತೀವಿ, ಸಾಹಸ ಎಂತದ್ದೂ ಇರಲಿಲ್ಲ ಮಾರಾಯ್ರೆ, ನಾವು ಹೆದರದೆ ನಡೀತಿದ್ದಿದ್ದು ಯಾಕಂದ್ರೆ ಒಬ್ರೇ ಇರ್ತಿರಲಿಲ್ಲ. ಮೇಲಿನ ಮನೆಯೋರು ಹೊರಟು ನಮ್ಮ ದಣಪೆ (ಬೇಲಿ ಬಾಗಿಲು) ಹತ್ರ ಬಂದು ಒಂದು ಕೂ ಹಾಕೋರು, ನಾವು ತಿರುಗಿ ಕೂ ಹಾಕಿದ್ರೆ ‘ಬಂದೆ ನಿಲ್ಲು’ ಅಂತ ಅರ್ಥ, ಹಾಕದಿದ್ರೆ ‘ಇವತ್ತು ಜ್ವರ, ನೀವು ಹೋಗಿ’ ಅಂತ. ಕೆಳಗಿನ ಮನೆ ದಾಟೋ ಹೊತ್ತಿಗೆ ಹತ್ತು ಹನ್ನೊಂದು ಮಕ್ಕಳಾಗ್ತಿದ್ವು. ಏಳನೇ ಕ್ಲಾಸಿನವಳು ಒಂದನೇ ಕ್ಲಾಸಿನವನ ಕೈ ಹಿಡಿದು ಸಂಕ ದಾಟಿಸ್ತಿದ್ಲು. ದೊಡ್ಡೋರು ಒಬ್ರೂ ಜೊತೆಗಿಲ್ಲ, ಆದ್ರೆ ಯಾವ ಮಗೂನೂ ಒಂಟಿ ಅಲ್ಲ.

ಈಗ ನಿಮ್ಮ ಬೀದಿ ನೋಡಿ. ಮಕ್ಕಳೇನು ಕಮ್ಮಿ ಇಲ್ಲ. ಆದ್ರೆ ಒಬ್ಬೊಬ್ಬರದ್ದು ಒಂದೊಂದು ಸ್ಕೂಲು, ಒಬ್ಬನಿಗೆ ಎಂಟಕ್ಕೆ ವ್ಯಾನು, ಇನ್ನೊಬ್ಬಳಿಗೆ ಎಂಟೂವರೆಗೆ ಆಟೋ, ಪಕ್ಕದ ಮನೆ ಮಗು ಯಾವ ಸ್ಕೂಲು ಅಂತಲೇ ನಿಮ್ಮ ಮಗಂಗೆ ಗೊತ್ತಿರಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಸ್ಕೂಲ್ ಇರ್ಬೇಕು, ಅಂದ್ರೆ ಆ ಲೆಕ್ಕ ಹಾಕಿದ್ದೇ ಮಗು ನಡ್ಕೊಂಡು ಹೋಗುತ್ತೆ ಅನ್ನೋ ಅಂದಾಜಲ್ಲಿ. ನಾವೇ ಹತ್ತಿರದ ಸ್ಕೂಲ್ ಬಿಟ್ಟು ಊರಾಚೆಯ ಸ್ಕೂಲ್ ಹುಡುಕ್ಕೊಂಡು ಹೋದ್ವಿ, ಅದಕ್ಕೆ ಕಾರಣ ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ದಾರೀಲಿ ಸಿಗ್ತಿದ್ದ ಜೊತೆ ಅಲ್ಲಿಗೇ ಹೋಯ್ತು. ನಿಮ್ಮ ಪುಣ್ಯ, ನಿಮ್ಮದು 1.8 ಅಷ್ಟೇ.

ಇನ್ನು ಗೇಟ್ ಹತ್ರದ ಜಾಮ್ ವಿಷ್ಯ. ಶಿವಮೊಗ್ಗದಲ್ಲೇ ಒಂದು ಸ್ಕೂಲ್ ಗೇಟ್ ಎದುರು ಒಂದು ದಿನ ಬೆಳಿಗ್ಗೆ ಸುಮ್ನೆ ನಿಂತಿದ್ದೆ, ಹೆಸರು ಬೇಡ. ಕಾರು ಬರುತ್ತೆ, ನಡು ರಸ್ತೇಲೇ ನಿಲ್ಲುತ್ತೆ, ಮಗು ಬಲಗಡೆ ಬಾಗಿಲು ತೆಗೆದು ಗಾಡಿ ಬರೋ ಕಡೆಗೇ ಇಳಿಯುತ್ತೆ, ಡಿಕ್ಕಿಯಿಂದ ಬ್ಯಾಗು, ಆಮೇಲೆ ‘ಅಯ್ಯೋ ನೀರಿನ ಬಾಟ್ಲು’ ಅಂತ ಮತ್ತೆ ಬಾಗಿಲು, ಹಿಂದೆ ಆಟೋದವನ ಹಾರ್ನು, ಅದರ ಸಂದೀಲಿ ಒಬ್ಬ ಸೈಕಲ್ ಹುಡುಗ ಚರಂಡಿ ಕಲ್ಲಿನ ಮೇಲೆ ಕಾಲೂರಿ ಕಾಯ್ತಿದಾನೆ. ಒಬ್ರು ಅಪ್ಪನ್ನ ಕೇಳ್ದೆ, ಮನೆ ಎಲ್ಲಿ ಸಾರ್ ಅಂತ. ಮುಂದಿನ ಕ್ರಾಸ್ ಅಂದ್ರು! ‘ಈ ಟ್ರಾಫಿಕ್ಕಲ್ಲಿ ಮಗೂನ ಹೇಗೆ ನಡೆಸೋದು ಸಾರ್, ಅದಕ್ಕೇ ಕಾರು’ ಅಂದ್ರು. ಅವರ ಕಾರೇ ಟ್ರಾಫಿಕ್ಕು ಅಂತ ಬಾಯಿಗೆ ಬಂತು, ನುಂಗ್ಕೊಂಡೆ. ಯಾಕಂದ್ರೆ ಅವರ ಭಯ ಸುಳ್ಳಲ್ಲ. ಎಲ್ರೂ ಇನ್ನೊಬ್ಬರ ಕಾರಿಗೆ ಹೆದರಿ ತಮ್ಮ ಕಾರು ತೆಗೀತಾರೆ, ಇದೇ ಗಂಟು.

ದುಡ್ಡಿನ ಲೆಕ್ಕ ಯಜಮಾನ್ರಿಗೆ ಬೇಕಾದ್ರೆ ಇಲ್ಲಿದೆ. ಬೆಳಿಗ್ಗೆ ಬಿಟ್ಟು ವಾಪಸ್, ಸಂಜೆ ಹೋಗಿ ವಾಪಸ್, 1.8 ನಾಲ್ಕು ಸಲ ಅಂದ್ರೆ ದಿನಕ್ಕೆ 7.2 ಕಿ.ಮೀ. ವರ್ಷಕ್ಕೆ 220 ದಿನ ಸ್ಕೂಲ್ ಅಂತ ಇಟ್ಕೊಂಡ್ರೆ ಹತ್ತಿರ ಹತ್ತಿರ 1,600 ಕಿ.ಮೀ. ಊರೊಳಗೆ ಲೀಟರಿಗೆ 12 ಕೊಟ್ರೆ 130 ಲೀಟರ್ ಚಿಲ್ಲರೆ ಪೆಟ್ರೋಲು, ಹದಿಮೂರು ಸಾವಿರ ರೂಪಾಯಿ ಮೇಲೆ. ಒಂದು ಲೀಟರ್ ಪೆಟ್ರೋಲ್ ಸುಟ್ರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಅಲ್ಲಿಗೆ ವರ್ಷಕ್ಕೆ 300 ಕೆ.ಜಿ. ಇಂಜಿನ್ ಬಿಸಿಯಾಗೋ ಮೊದ್ಲೇ ಸ್ಕೂಲ್ ಬಂದಿರುತ್ತಲ್ಲ, ತಣ್ಣಗಿರೋ ಇಂಜಿನ್ ಇನ್ನೂ ಜಾಸ್ತಿ ಕುಡಿಯುತ್ತೆ, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ಮೇಲೇ. ಹದಿಮೂರು ಸಾವಿರಕ್ಕೆ ಮಗಳಿಗೆ ಒಳ್ಳೇ ಸೈಕಲ್ಲು ಬಂದು ಹೆಲ್ಮೆಟ್, ರೈನ್‌ಕೋಟಿಗೂ ದುಡ್ಡು ಉಳಿಯುತ್ತೆ.

ಈಗ ಮಾಡೋದೇನು. ಮೊದಲನೇ ವಾರ ಕಾರು ಬಿಡ್ಬೇಡಿ, ಗೇಟ್ ಬಿಡಿ. ಸ್ಕೂಲಿಂದ ಮುನ್ನೂರು ನಾನೂರು ಮೀಟರ್ ಹಿಂದೆ ಒಂದು ಖಾಲಿ ಕ್ರಾಸಲ್ಲಿ ನಿಲ್ಸಿ, ಅಲ್ಲಿಂದ ಮಕ್ಕಳ ಜೊತೆ ನಡೀರಿ. ಐದು ನಿಮಿಷ. ಜಾಮಲ್ಲಿ ಕೂರೋ ಟೈಮಿಗಿಂತ ಕಮ್ಮಿ, ಯಾರನ್ನೂ ಒಪ್ಸೋದು ಬೇಕಿಲ್ಲ, ಅತ್ತೆಗೂ ಗೊತ್ತಾಗಲ್ಲ. ಹತ್ತು ಕಾರು ಹೀಗೆ ಮಾಡಿದ್ರೂ ಗೇಟ್ ಹತ್ರ ಉಸಿರಾಡೋಕೆ ಜಾಗ ಆಗುತ್ತೆ.

ಆ ವಾರದಲ್ಲೇ ಸ್ಕೂಲ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ ಕೇಳಿ, ‘ವಿನೋಬನಗರ ಕಡೆಯಿಂದ ಯಾರ್ಯಾರು ಬರ್ತೀರಿ?’ ಅಷ್ಟೇ, ಪರಿಸರದ ಮಾತೇ ಬೇಡ. ಎರಡು ಮೂರು ಮನೆ ಸಿಕ್ಕೇ ಸಿಗುತ್ತೆ. ಅಷ್ಟು ಸಾಕು. ಇದಕ್ಕೆ ಹೊರದೇಶದಲ್ಲಿ ‘ವಾಕಿಂಗ್ ಸ್ಕೂಲ್ ಬಸ್’ ಅಂತ ಹೆಸರಿದೆ, 1990ರ ದಶಕದ ಶುರುವಲ್ಲಿ ಆಸ್ಟ್ರೇಲಿಯಾದ ಡೇವಿಡ್ ಎಂಗ್‌ವಿಕ್ಟ್ ಅನ್ನೋರು ಹೇಳಿದ ಉಪಾಯ, ಬಸ್ಸಿನ ತರನೇ ರೂಟು, ಸ್ಟಾಪು, ಟೈಮು ಇರುತ್ತೆ, ಬಸ್ ಮಾತ್ರ ಇರಲ್ಲ, ಮುಂದೊಬ್ರು ಹಿಂದೊಬ್ರು ದೊಡ್ಡೋರು, ಮಧ್ಯ ಮಕ್ಕಳು. ಜಪಾನಲ್ಲಿ ಎಷ್ಟೋ ಕಡೆ ಪ್ರೈಮರಿ ಮಕ್ಕಳು ಬೆಳಿಗ್ಗೆ ಗುಂಪಾಗೇ ಹೋಗ್ತಾರೆ, ದೊಡ್ಡ ಕ್ಲಾಸಿನೋರು ಮುಂದಾಳು. ಓದ್ದಾಗ ನಗು ಬಂತು, ನಮ್ಮ ಕೂ ಹಾಕೋದೇ ಅಲ್ವಾ ಇದು.

ಟೈಮ್ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ಎಂಟೂ ಇಪ್ಪತ್ತು ಅಂದ್ರೆ ಎಂಟೂ ಇಪ್ಪತ್ತೇ, ಎರಡು ನಿಮಿಷ ನೋಡಿ ಹೊರಡೋದು. ಒಂದು ಮಗೂಗೆ ಅಂತ ದಿನಾ ಏಳು ನಿಮಿಷ ಕಾಯೋಕೆ ಶುರು ಮಾಡಿದ್ರೆ ಮೂರನೇ ವಾರಕ್ಕೆ ಗುಂಪು ಒಡೆಯುತ್ತೆ, ಇಂಥವು ಹೆಚ್ಚಾಗಿ ಸಾಯೋದು ಮಳೆಗಲ್ಲ, ಇದಕ್ಕೇ. ದೊಡ್ಡೋರ ಪಾಳಿ ಹಾಕ್ಕೊಳ್ಳಿ, ಮೂರು ಮನೆ ಆದ್ರೆ ಒಬ್ಬೊಬ್ಬರಿಗೆ ವಾರಕ್ಕೆ ಎರಡೇ ದಿನ, ಉಳಿದ ನಾಲ್ಕು ಬೆಳಿಗ್ಗೆ ನಿಮ್ದೇ. ಈ ಲಾಭ ಹೇಳಿ ನೋಡಿ, ಪರಿಸರಕ್ಕೆ ಬಗ್ಗದೋರೂ ಬಗ್ತಾರೆ.

ದಾರಿ ಆರಿಸೋಕೆ ಮ್ಯಾಪ್ ನೋಡ್ಬೇಡಿ, ಅದು ಕಾರಿನ ದಾರಿ ತೋರ್ಸುತ್ತೆ. ಒಂದು ದಿನ ಬೆಳಿಗ್ಗೆ ಅದೇ ಹೊತ್ತಿಗೆ ನೀವೇ ನಡೀರಿ. ನಮ್ಮೂರಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು ಇದಾವಲ್ಲ, ಸ್ಮಾರ್ಟ್ ಸಿಟಿಯೋರು ಕೆಲವನ್ನ ಚೆನ್ನಾಗೇ ಮಾಡಿದಾರೆ, ಗಾಡಿ ಕಮ್ಮಿ, ನೆರಳು. ಕೆಲವು ಕಡೆ ಕಸ, ನಾಯಿ, ಅವನ್ನ ಬಿಡಿ. ಸುತ್ತಿ ಎರಡು ನಿಮಿಷ ಜಾಸ್ತಿ ಆದ್ರೂ ಮೇನ್ ರೋಡ್ ತಪ್ಪಿಸೋದೇ ಒಳ್ಳೇದು. ಆಮೇಲೆ ರಸ್ತೆ ದಾಟೋ ಪ್ರತಿ ಜಾಗದಲ್ಲೂ ಒಂದು ಸಲ ಕುಕ್ಕರುಗಾಲಲ್ಲಿ ಕೂತ್ಕೊಂಡು ನೋಡಿ, ನಾಚ್ಕೋಬೇಡಿ, ಎರಡನೇ ಕ್ಲಾಸಿನ ಮಗನ ಕಣ್ಣು ಇರೋ ಎತ್ತರ ಅದು. ನಿಮಗೆ ಆರಾಮಾಗಿ ಕಾಣೋ ರಸ್ತೆ ಅಲ್ಲಿ ಕೂತ್ರೆ ಕಾಣಲ್ಲ, ನಿಲ್ಸಿರೋ ಕಾರಿನ ಬಾನೆಟ್ಟು ಅಡ್ಡ ಬರುತ್ತೆ, ಅಂದ್ರೆ ಅತ್ಲಾಗಿಂದ ಬರೋ ಬೈಕಿನವನಿಗೂ ಮಗು ಕಾಣಲ್ಲ. ಅಂಥಾ ಜಾಗ ಬಿಟ್ಟು ಹತ್ತು ಹೆಜ್ಜೆ ಮುಂದೆ ದಾಟಿ. 100 ಅಡಿ ರಸ್ತೆ ದಾಟೋದು ಬಂದ್ರೆ ಅಲ್ಲಿ ಮಾತ್ರ ದೊಡ್ಡೋರು ಕೈ ಅಡ್ಡ ಹಿಡಿದು ಎಲ್ರನ್ನೂ ಒಟ್ಟಿಗೇ ದಾಟಿಸ್ಬೇಕು. ಎಂಟೊಂಬತ್ತು ವರ್ಷದ ತನಕ ಮಕ್ಕಳಿಗೆ ದೂರದಿಂದ ಬರೋ ಗಾಡಿ ಸ್ಪೀಡು ಅಂದಾಜಾಗಲ್ಲ, ಎಷ್ಟು ಹೇಳ್ಕೊಟ್ರೂ ಅಷ್ಟೇ, ಅದು ಬೈದು ಕಲಿಸೋ ವಿಷ್ಯ ಅಲ್ಲ.

ಬ್ಯಾಗು. ಇದನ್ನ ಯಾರೂ ಹೇಳಲ್ಲ, ಆದ್ರೆ ಅರ್ಧ ಅಪ್ಪ ಅಮ್ಮಂದಿರು ಕಾರು ತೆಗೆಯೋದು ಬ್ಯಾಗಿನ ಭಾರ ನೋಡಿ. ನಮ್ಮ ಸರ್ಕಾರದ್ದೇ ಆದೇಶ ಇದೆ 2019ರದ್ದು, ಒಂದು ಎರಡನೇ ಕ್ಲಾಸಿಗೆ ಎರಡು ಕೆ.ಜಿ. ಮೀರಬಾರ್ದು, ಆರರಿಂದ ಎಂಟಕ್ಕೆ ನಾಲ್ಕು ಕೆ.ಜಿ. ಮೀರಬಾರ್ದು. ಇವತ್ತು ರಾತ್ರಿ ಮಗನ ಬ್ಯಾಗ್ ಹಾಗೇ ಎತ್ತಿ ತೂಕಕ್ಕೆ ಇಡಿ, ಎರಡು ದಾಟಿದ್ರೆ ಫೋಟೋ ತೆಗೆದಿಟ್ಕೊಳ್ಳಿ, ಸ್ಕೂಲಲ್ಲಿ ಮಾತಾಡೋವಾಗ ಬೇಕಾಗುತ್ತೆ.

ಮಗಳ ಸೈಕಲ್. ಕೊಡ್ಸಿ, ಆದ್ರೆ ಕೊಡ್ಸಿದ ಮಾರನೇ ದಿನವೇ ಸ್ಕೂಲಿಗೆ ಬಿಡ್ಬೇಡಿ. ಅವಳ ಎತ್ತರಕ್ಕೆ 24 ಇಂಚಿನ ಚಕ್ರದ್ದು ಸರಿಹೋಗ್ಬಹುದು, ‘ಬೆಳೀತಾಳಲ್ಲ’ ಅಂತ ದೊಡ್ಡ ಸೈಕಲ್ ತಗೊಳ್ಳೋದು ನಮ್ಮ ಜನರ ದೊಡ್ಡ ತಪ್ಪು, ಸೀಟಲ್ಲಿ ಕೂತಾಗ ಎರಡು ಕಾಲಿನ ತುದಿ ನೆಲಕ್ಕೆ ತಾಗಲೇಬೇಕು. ಅಂಗಡಿಯವನು ಗೇರು, ಶಾಕ್ ಅಬ್ಸಾರ್ಬರ್ ತೋರ್ಸ್ತಾನೆ, ಅದು ಬೇಡ. ನಮ್ಮೂರಿಗೆ ಬೇಕಾಗಿದ್ದು ಎರಡು ಚಕ್ರಕ್ಕೂ ಮಡ್‌ಗಾರ್ಡು, ಫುಲ್ ಚೈನ್ ಕವರ್ರು, ಕ್ಯಾರಿಯರ್ರು, ಬೆಲ್ಲು, ಹಿಂದೆ ಕೆಂಪು ರಿಫ್ಲೆಕ್ಟರ್ರು. ಬ್ಯಾಗ್ ಕ್ಯಾರಿಯರಿಗೆ ಕಟ್ಟಿ, ಹ್ಯಾಂಡಲ್ಲಿಗೆ ನೇತಾಕಿದ್ರೆ ತಿರುವಲ್ಲಿ ಬೀಳ್ತಾಳೆ. ಒಂದು ತಿಂಗಳು ಭಾನುವಾರ ಬೆಳಿಗ್ಗೆ ಅಪ್ಪನೂ ಒಂದು ಸೈಕಲ್ ತಗೊಂಡು ಅದೇ ದಾರೀಲಿ ಜೊತೆಗೆ ಹೊಡೀಲಿ, ಮಗಳು ಮುಂದೆ ಅಪ್ಪ ಹಿಂದೆ. ಹಿಂದೆ ತಿರುಗಿ ನೋಡ್ವಾಗ ಸೈಕಲ್ ಸೊಟ್ಟ ಹೋಗ್ದೆ ಇರೋದು, ಒಂದು ಕೈ ಬಿಟ್ಟು ಸಿಗ್ನಲ್ ತೋರ್ಸೋದು, ನಿಂತಿರೋ ಕಾರಿಂದ ಒಂದು ಮಾರು ದೂರ ಹೋಗೋದು (ಬಾಗಿಲು ತೆಗೀತಾರೆ), ಈ ಮೂರು ಬಂದ ಮೇಲೆ ಬಿಡಿ. ಅವಳೂ ಆದಷ್ಟು ಒಬ್ಳೇ ಬೇಡ, ಇನ್ನೊಬ್ಬಳು ಗೆಳತಿ ಜೊತೆ.

‘ಅದೆಲ್ಲ ಹಾಲೆಂಡಲ್ಲಿ ಆಗುತ್ತೆ ಸಾರ್’ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಅವರಿಗೆ ಇದನ್ನ ಹೇಳಿ, ಹಾಲೆಂಡಲ್ಲೂ ಕಾರು ತುಂಬಿ 1971ರಲ್ಲಿ ಒಂದೇ ವರ್ಷಕ್ಕೆ 400ಕ್ಕಿಂತ ಜಾಸ್ತಿ ಮಕ್ಕಳು ರಸ್ತೇಲಿ ಸತ್ತಿದ್ರು, ಅಪ್ಪ ಅಮ್ಮಂದಿರೇ ರಸ್ತೆಗಿಳಿದು ‘ಮಕ್ಕಳ ಕೊಲೆ ನಿಲ್ಸಿ’ ಅಂತ ಚಳವಳಿ ಮಾಡಿದ್ರು, ಈಗಿನ ಸೈಕಲ್ ದಾರಿ ಬಂದಿದ್ದರ ಹಿಂದೆ ಆ ಸಿಟ್ಟೂ ಇದೆ, ಅವರೇನು ಸೈಕಲ್ ಮೇಲೆ ಹುಟ್ಟಿದೋರಲ್ಲ.

ಒಂದು ಬೇಡಿಕೆಗೆ ಮಾತ್ರ ಬಗ್ಬೇಡಿ. ಇನ್ನೆರಡು ವರ್ಷ ಆದ್ಮೇಲೆ ಮಗಳು ಸ್ಕೂಟಿ ಕೇಳ್ತಾಳೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಗಾಡಿ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದ ತನಕ ಜೈಲು, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಮಗಳಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಇಲ್ಲ. ನಮ್ಮ ಜಿಲ್ಲೇಲೂ ಕೋರ್ಟು ಇಂಥ ದಂಡ ಹಾಕಿದ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತೆ.

ಮಳೆಗೆ ಬರ್ತೀನಿ. ಶಿವಮೊಗ್ಗ ಊರು ಆಗುಂಬೆ ಅಲ್ಲ ಮೇಡಂ. ಆಗುಂಬೇಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಹೊಯ್ಯುತ್ತೆ, ಇಲ್ಲಿ ಅದರಲ್ಲಿ ಸಣ್ಣ ಪಾಲು, ಜಾಸ್ತಿ ದಿನ ಬರೀ ಜಿಟಿಜಿಟಿ. ನಿಜಕ್ಕೂ ಜೋರು ಹೊಡೆದ ದಿನ ಡಿಸಿ ರಜೆ ಕೊಡ್ತಾರೆ, ಕೊಡದಿದ್ರೆ ಆವತ್ತು ಕಾರು ತೆಗೀರಿ, ಯಾರೂ ಕೇಸ್ ಹಾಕಲ್ಲ. ವಾರಕ್ಕೆ ಮೂರು ದಿನ ನಡೆದ್ರೂ ಲಾಭವೇ. ನಡೆಯೋಕೆ ಕೊಡೆ, ಸೈಕಲ್ಲಿಗೆ ರೈನ್‌ಕೋಟೇ, ಒಂದು ಕೈಲಿ ಕೊಡೆ ಹಿಡ್ಕೊಂಡು ಸೈಕಲ್ ಹೊಡೆಯೋದು ಬೇಡವೇ ಬೇಡ, ಒದ್ದೆ ರಿಮ್ಮಿಗೆ ಬ್ರೇಕ್ ಮೊದ್ಲೇ ಸರಿ ಹಿಡಿಯಲ್ಲ. ಹಳದಿ ಬಣ್ಣದ್ದು ತಗೊಳ್ಳಿ, ಕಪ್ಪು ನೀಲಿ ರೈನ್‌ಕೋಟು ಜುಲೈ ಕತ್ತಲೇಲಿ ಕಾಣೋದೇ ಇಲ್ಲ. ಮಳೆಗಾಲದಲ್ಲಿ ನಡೆಯೋ ಮಕ್ಕಳಿಗೆ ದೊಡ್ಡ ಶತ್ರು ಅಂದ್ರೆ ನನ್ನ ಪ್ರಕಾರ ಕಪ್ಪು ಶೂ. ಒದ್ದೆ ಸಾಕ್ಸು, ಒದ್ದೆ ಶೂ, ಸಂಜೆ ತನಕ ಅದರಲ್ಲೇ, ಬೆರಳ ಸಂದಿ ಬೆಳ್ಳಗೆ ಮೆತ್ತಗಾಗಿ ವಾಸನೆ. ಜೂನಿಂದ ಸೆಪ್ಟೆಂಬರ್ ತನಕ ಪ್ಲಾಸ್ಟಿಕ್ ಸ್ಯಾಂಡಲ್ ಹಾಕೋಕೆ ಬಿಡಿ ಅಂತ ಸ್ಕೂಲಿಗೆ ಬರೆದುಕೊಡಿ, ಒಂದು ರೂಪಾಯಿ ಖರ್ಚಿಲ್ಲದ ಕೆಲಸ.

ಸ್ಕೂಲಿಗೆ ಇನ್ನೆರಡು ಕೇಳಿ. ಸೈಕಲ್ ನಿಲ್ಸೋಕೆ ತಗಡು ಹಾಕಿದ ಜಾಗ, ಕಾಂಪೌಂಡ್ ಒಳಗೇ. ಇನ್ನೊಂದು, ಬೆಳಿಗ್ಗೆ ಬಿಡೋ ಹೊತ್ತು, ಸಂಜೆ ಕರ್ಕೊಂಡು ಹೋಗೋ ಹೊತ್ತು, ಇಪ್ಪತ್ತು ನಿಮಿಷ ಗೇಟಿನ ಮುಂದಿನ ನೂರು ಮೀಟರ್‌ಗೆ ಕಾರು ಬರದ ಹಾಗೆ ಮಾಡೋದು. ಇಟಲಿಯ ಬೊಲ್ಜಾನೊ ಅನ್ನೋ ಊರಲ್ಲಿ 1989ರಿಂದಲೇ ಇದನ್ನ ಮಾಡ್ತಿದಾರೆ, ಆಮೇಲೆ ಲಂಡನ್ ತನಕ ಹೋಗಿದೆ. ಇಲ್ಲಿ ಅದು ಸ್ಕೂಲ್ ಒಂದೇ ಮಾಡೋಕಾಗಲ್ಲ, ಟ್ರಾಫಿಕ್ ಪೊಲೀಸ್ರು ಒಪ್ಬೇಕು, ಆ ರಸ್ತೆ ಮನೆಯೋರು ಒಪ್ಬೇಕು, ಮೇನ್ ರೋಡ್ ಮೇಲಿರೋ ಸ್ಕೂಲಿಗಂತೂ ಕನಸು. ಒಳ ರಸ್ತೇಲಿದ್ರೆ ಒಂದು ಶನಿವಾರ ಟ್ರಯಲ್ ಮಾಡಿ ಅಂತ ಕೇಳಿ, ‘ಶಾಶ್ವತ’ ಅನ್ನೋ ಪದ ಬಾಯಿಗೆ ತರಬೇಡಿ. ಹೋಗೋವಾಗ ಒಬ್ರೇ ಹೋಗ್ಬೇಡಿ, ನಾಲ್ಕು ಜನ ಸಹಿ ಹಾಕಿದ ಕಾಗದ, ಗೇಟಿನ ಎರಡು ಫೋಟೋ, ಬ್ಯಾಗ್ ತೂಕದ ಫೋಟೋ. ಹೆಡ್ ಮಿಸ್ಗೂ ಆ ಜಾಮು ತಲೆನೋವೇ, ಅವರನ್ನ ಎದುರಾಳಿ ಮಾಡ್ಕೋಬೇಡಿ.

ನಿಮ್ಮ ತಮ್ಮನ ಮಗಳ ವಿಷ್ಯ ಬೇರೆ. ಅಲ್ಲಿ ಕಾರು ಬಿಡ್ಸೋ ಪ್ರಶ್ನೆನೇ ಅಲ್ಲ, ಬಸ್ಸಿಲ್ಲದ ಪ್ರಶ್ನೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು, ಹೆಣ್ಮಕ್ಕಳಿಗೆ ಫ್ರೀ, ಒಳ್ಳೇದೇ, ಆದ್ರೆ ಅದು ಸರ್ಕಾರಿ ಬಸ್ಸಿಗೆ, ನಮ್ಮ ಮಲೆನಾಡಿನ ಒಳಗೆ ಓಡೋದು ಹೆಚ್ಚಾಗಿ ಪ್ರೈವೇಟು. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ್ದ ಸಹಕಾರ ಸಾರಿಗೆ ಎಷ್ಟೋ ಮಕ್ಕಳನ್ನ ರಿಯಾಯಿತಿ ಪಾಸಲ್ಲಿ ಸ್ಕೂಲಿಗೆ ಮುಟ್ಟಿಸ್ತಿತ್ತು, 2020ರಲ್ಲಿ ಅದೂ ನಿಂತೋಯ್ತು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. 2006-07ರಲ್ಲಿ ಶುರುವಾದ ಎಂಟನೇ ಕ್ಲಾಸಿನ ಸರ್ಕಾರಿ ಸೈಕಲ್ಲೂ ಕೊರೋನಾ ಬಂದ್ಮೇಲೆ ನಿಂತಿತು. ಹಾಗಾಗಿ ನಿಮ್ಮ ತಮ್ಮಂಗೆ ಹೇಳಿ, ನಾಲ್ಕೈದು ಮನೆಯೋರು ಸೇರಿ ಡಿಪೋಗೆ ಅರ್ಜಿ ಕೊಡೋವಾಗ ‘ಬಸ್ ಬಿಡಿ’ ಅಂತ ಬರೀಬೇಡಿ, ಎಷ್ಟು ಮಕ್ಕಳು, ಯಾವ ಸ್ಟಾಪು, ಎಷ್ಟು ಗಂಟೆ ಅಂತ ಪಟ್ಟಿ ಮಾಡಿ ಕೊಡಿ, ಇರೋ ಬಸ್ಸಿನ ಟೈಮ್ ಕಾಲು ಗಂಟೆ ಹಿಂದೆ ಮುಂದೆ ಮಾಡೋದು ಹೊಸ ಬಸ್ ಹಾಕೋದಕ್ಕಿಂತ ಬೇಗ ಆಗುತ್ತೆ. ದಾರೀಲಿ ಕಾಲುಸಂಕ ಇದ್ರೆ ಮಳೆಗಾಲದ ಮುಂಚೆ ದೊಡ್ಡೋರು ಯಾರಾದ್ರೂ ಅದರ ಮೇಲೆ ನಿಂತು ಕುಣಿದು ನೋಡ್ಲಿ, ಅಡಿಕೆ ದಬ್ಬೆ (ಸೀಳಿದ ಮರ) ಎರಡು ಮಳೆಗಾಲ ಕಂಡ್ರೆ ಒಳಗೇ ಕೊಳೆತು ಕುಂಬಾಗಿರುತ್ತೆ, ಹೊರಗೆ ಗೊತ್ತಾಗಲ್ಲ. ಹಳ್ಳ ಉಕ್ಕಿದ ದಿನ ಹಾಜರಿ ಹೋದ್ರೆ ಹೋಗ್ಲಿ.

ಮತ್ತೆ ಡಿಸೆಂಬರ್ ಆದ್ಮೇಲೆ ಬೇಸಿಗೆ ತನಕ ಮಂಗನ ಕಾಯಿಲೆ ಸೀಸನ್ನು, ಅದು ಹರಡೋದು ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ. ಆ ರೋಗ ಮೊದ್ಲು ಕಂಡಿದ್ದೇ ನಮ್ಮ ಜಿಲ್ಲೆ ಸೊರಬದ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಆ ದಿನಗಳಲ್ಲಿ ಕಾಡಿನ ಒಳದಾರಿ ಹತ್ರ ಅಂತ ಬರೋದು ಬೇಡ, ಸುತ್ತಾದ್ರೂ ರಸ್ತೇಲೇ ಬರ್ಲಿ, ತರಗೆಲೆ ಮೇಲೆ ಕೂರೋದು ಬೇಡ, ಆಶಾ ಕಾರ್ಯಕರ್ತೆಯರ ಹತ್ರ ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ ಸಿಗುತ್ತೆ, ಕೈಕಾಲಿಗೆ ಹಚ್ಚಲಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಮಿಂದು ಮೈಮೇಲೆ ಉಣುಗು ಇದೆಯಾ ನೋಡ್ಕೊಳ್ಲಿ. ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗ್ದೆ ಪಿಎಚ್‌ಸಿಗೆ ತಿಳಿಸ್ಬೇಕು.

ಕೊನೇದು ನಿಮ್ಮತ್ತೆ. ಅವರನ್ನ ಮಾತಲ್ಲಿ ಒಪ್ಸೋಕೆ ಹೋಗ್ಬೇಡಿ, ಸೋಲ್ತೀರಿ. ಬೆಳಿಗ್ಗೆ ವಾಕಿಂಗ್ ಹೋಗೋ ಅಭ್ಯಾಸ ಇದ್ರೆ ಆ ವಾಕಿಂಗನ್ನೇ ಎಂಟೂ ಇಪ್ಪತ್ತಕ್ಕೆ ತಳ್ಳಿ, ‘ಅತ್ತೆ, ಇವತ್ತು ನಂಗೆ ಕುಕ್ಕರ್ ಇಡೋದಿದೆ, ಮೂರನೇ ಕ್ರಾಸ್ ತನಕ ಮಕ್ಕಳ ಜೊತೆ ಹೋಗಿ ಬನ್ನಿ, ಅಲ್ಲಿಂದ ಅವರ ಫ್ರೆಂಡ್ ಅಮ್ಮ ಇರ್ತಾರೆ’ ಅನ್ನಿ. ಮೂರನೇ ಕ್ರಾಸಲ್ಲಿ ಇನ್ನೊಂದು ಮನೆ ಅಜ್ಜಿ ಸಿಕ್ಕಿ ಮಾತಿಗೆ ನಿಂತ್ರೆ ಆಯ್ತು, ಮಾರನೇ ದಿನ ಎಂಟೂ ಹದಿನೈದಕ್ಕೇ ಚಪ್ಪಲಿ ಹಾಕ್ಕೊಂಡು ‘ಹೊರಟ್ರಾ’ ಅಂತ ಬಾಗಿಲಲ್ಲಿ ನಿಂತಿರ್ತಾರೆ.